ಆ ರಾಗಿ ಬೇರೆ, ಈ ರಾಗಿ ಬೇರೆ

ಸಂಕ್ರಾಂತಿಗೆ ಕೌಲಾಲಂಪುರದಿಂದ ಬಂದಿದ್ದ ನನ್ನ ಅಕ್ಕನ ಮಗ ಮಾಗಡಿ ಕಡೆಯ ಮನೆಯ ಜಗುಲಿಯಲ್ಲಿ ಕೂತು ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ತೆಗೆದ. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ರಾಗಿ' ಎಂದು ಅಚ್ಚಾಗಿತ್ತು. ಒಳಗೆ ಹೆಬ್ಬೆರಳಿನಗಲದ ಚಪ್ಪಟೆ ಬಿಳಿ ಬಿಲ್ಲೆಗಳು. ಅಕ್ಕ ಒಂದನ್ನು ಎತ್ತಿಕೊಂಡು ಉಗುರಿನಿಂದ ಕೆರೆದಳು, ಮೂಸಿ ನೋಡಿದಳು. "ಏನ್ಲಾ ಇದು, ರಾಗಿ ಅಂತೀಯ, ಸುಣ್ಣದ ಬಿಲ್ಲೆ ಇದ್ದಂಗೈತೆ. ಇದ್ರಲ್ಲಿ ಹಿಟ್ಟು ಆಯ್ತದಾ?" ಎಂದಳು. ಆಗುವುದಿಲ್ಲ. ಮಲಯ ಭಾಷೆಯಲ್ಲೂ ಇಂಡೋನೇಷ್ಯಾದಲ್ಲೂ ರಾಗಿ ಎಂದರೆ ಹುದುಗು ಬರಿಸುವ ಪದಾರ್ಥ. ಅಕ್ಕಿಹಿಟ್ಟಿಗೆ ಒಂದಿಷ್ಟು ಮಸಾಲೆ ಬೇರುಗಳನ್ನು ಅರೆದು ಸೇರಿಸಿ, ಬಿಲ್ಲೆ ತಟ್ಟಿ ಒಣಗಿಸಿದ್ದು. ಬ್ರೆಡ್ಡಿಗೆ ಹಾಕುವ ಈಸ್ಟಿಗೂ ಅಲ್ಲಿ ಅದೇ ಹೆಸರು.

ಈ ಪೊಟ್ಟಣದ ಕತೆಯನ್ನು ಆಮೇಲೆ ಒಂದು ಸಭೆಯಲ್ಲಿ ಹೇಳಿ, "ಎರಡು ಪದಕ್ಕೂ ಉಚ್ಚಾರವೊಂದು ಬಿಟ್ಟರೆ ಬೇರೆ ನಂಟಿಲ್ಲ" ಎಂದೆ. ಅಷ್ಟಕ್ಕೇ ನನ್ನ ಮೇಲೊಂದು ಕರಪತ್ರ ಬಂತು, ಅದನ್ನು ಬೆಂಬಲಿಸಿ ಎರಡು ಭಾಷಣಗಳಾದವು. ರಾಗಿ ನಮ್ಮ ನಾಡಿನಿಂದ ಮಲಯಕ್ಕೆ ಹೋದ ಪದ, ಅದನ್ನು ಅಲ್ಲಗಳೆಯುವವನು ಕನ್ನಡದ ಹೆಮ್ಮೆಯನ್ನು ಕುಗ್ಗಿಸುವವನು ಎಂಬುದು ಅವುಗಳ ಸಾರ. ನನ್ನನ್ನು ಕುರಿತ ವಿಶೇಷಣಗಳನ್ನು ಬದಿಗಿಡುತ್ತೇನೆ. ವಾದಗಳನ್ನು ಮಾತ್ರ ಒಂದೊಂದಾಗಿ, ಅವರು ಮಂಡಿಸಿದ ಬಲದಲ್ಲೇ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದು.

ಅದಕ್ಕೆ ಮೊದಲು ಅಳತೆಗೋಲು ಯಾವುದೆಂದು ಹೇಳಿಬಿಡಬೇಕು. ಎರಡು ಭಾಷೆಯ ಎರಡು ಪದ ಒಂದೇ ಬೇರಿನವು ಎನ್ನಬೇಕಾದರೆ ಮೂರು ಸಂಗತಿ ಕೂಡಿಬರಬೇಕು. ಧ್ವನಿ ಹೊಂದಬೇಕು. ಅರ್ಥ ಹೊಂದಬೇಕು, ಇಲ್ಲವೇ ಒಂದು ಅರ್ಥದಿಂದ ಇನ್ನೊಂದಕ್ಕೆ ಜನ ನಡೆದ ಹೆಜ್ಜೆ ಕಾಣಬೇಕು. ಪದ ಪಯಣಿಸಿದ ದಾರಿಯೂ ಗೊತ್ತಾಗಬೇಕು. ಜಮೀನಿನ ವ್ಯಾಜ್ಯದಲ್ಲಿ ಹೆಸರೊಂದೇ ಆಗಿದೆ ಎಂದು ಯಾರೂ ಪಾಲು ಕೊಡುವುದಿಲ್ಲ, ವಂಶವೃಕ್ಷ ತನ್ನಿ ಎನ್ನುತ್ತಾರೆ. ಪದಕ್ಕೂ ಅಷ್ಟೇ.

ಮೊದಲ ವಾದ: ಇಷ್ಟು ಕರಾರುವಾಕ್ಕಾಗಿ ಒಂದೇ ಉಚ್ಚಾರ ಇರುವುದು ಕಾಕತಾಳೀಯವಾಗಲಾರದು. ಹಾಗಾದರೆ ಪಂಜಾಬಿನ ಗುರುದ್ವಾರಕ್ಕೆ ಹೋಗೋಣ. ಅಲ್ಲಿ ಕೀರ್ತನೆ ಹಾಡುವವರಿಗೆ 'ರಾಗಿ' ಎನ್ನುತ್ತಾರೆ, ರಾಗ ಹಾಡುವವನು ರಾಗಿ. ಸಂಸ್ಕೃತದಲ್ಲಿ ರಾಗಿ ಎಂದರೆ ಅನುರಾಗ ಉಳ್ಳವನು, ವಿರಾಗಿಗೆ ಎದುರಾದವನು. ಸುಮಾತ್ರಾದ ಬಟಕ್ ಜನರ ನೇಯ್ಗೆಯ ಹೊದಿಕೆಗಳಲ್ಲಿ 'ರಾಗಿ ಹೋತಾಂಗ್' ಎಂಬುದೊಂದಿದೆ, ಅಲ್ಲಿ ರಾಗಿ ಎಂದರೆ ಬಟ್ಟೆಯ ವಿನ್ಯಾಸ. ಮಲಯದಲ್ಲೂ ಲುಂಗಿಯ ಬಣ್ಣ-ಪಟ್ಟೆಗಳ ವಿನ್ಯಾಸಕ್ಕೆ ರಾಗಿ ಎಂಬ ಮಾತಿದೆ. ಉಚ್ಚಾರವೊಂದೇ ಸಾಕಾದರೆ ನಮ್ಮ ಕಣದ ರಾಗಿ ಹಾಡೂ ಹೌದು, ಪ್ರೇಮಿಯೂ ಹೌದು, ಲುಂಗಿಯೂ ಹೌದು ಎನ್ನಬೇಕಾಗುತ್ತದೆ. ಕರಪತ್ರದವರು ಇಷ್ಟೆಲ್ಲ ರಾಗಿಗಳ ನಡುವೆ ಹುದುಗಿನ ರಾಗಿಯೊಂದನ್ನೇ ಆರಿಸಿಕೊಂಡರು, ಉಳಿದವನ್ನು ಏಕೆ ಬಿಟ್ಟರೆಂದು ಹೇಳಲಿಲ್ಲ. ದೂರ ಹೋಗುವುದೂ ಬೇಡ. ಕನ್ನಡದ ವ್ಯಾಕರಣದಲ್ಲೇ 'ಯೋಗ್ಯರಾಗಿ', 'ಹಿರಿಯರಾಗಿ' ಎನ್ನುವಾಗ ಕೊನೆಗೆ ರಾಗಿ ಕೇಳಿಸುತ್ತದೆ. ಪುರಂದರದಾಸರು ಆ ಕೇಳಿಕೆಯ ಮೇಲೇ ಒಂದು ಸೊಗಸಾದ ಪದ ಕಟ್ಟಿದರು. ಅದು ಶ್ಲೇಷೆ ಎಂದು ಹಾಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು.

ಎರಡನೆಯ ವಾದ ಇದಕ್ಕಿಂತ ಗಟ್ಟಿಯಾದದ್ದು, ಅದಕ್ಕೆ ಹೆಚ್ಚು ಜಾಗ ಕೊಡಬೇಕು. ಅವರು ಹೇಳುವುದು ಹೀಗೆ: ರಾಗಿ ಅಂಬಲಿ ರಾತ್ರಿ ಕಳೆದರೆ ಹುಳಿ ಬರುತ್ತದೆ. ಹುಳಿ ಬರುವ ಗುಣವೇ ರಾಗಿಯ ಗುಣ. ನಮ್ಮವರು ಮಲಯದಲ್ಲಿ ಅಂಬಲಿ ಕಾಯಿಸಿದರು, ಅಲ್ಲಿನವರು ಆ ಹುಳಿಗೇ ರಾಗಿ ಎಂದು ಹೆಸರಿಟ್ಟರು.

ಕೇಳಲು ಚೆನ್ನಾಗಿದೆ. ನಾನು ಆ ಬಿಲ್ಲೆಗಳನ್ನೇ ಪರೀಕ್ಷೆಗೆ ಹಚ್ಚಿದೆ. ಅಕ್ಕನ ಅಡುಗೆಮನೆಯಲ್ಲಿ ಅನ್ನ ಮಾಡಿ, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿದೆವು. ಒಂದು ಬಿಲ್ಲೆಯನ್ನು ಕುಟ್ಟಿ ಪುಡಿ ಮಾಡಿ ಅದರ ಮೇಲೆ ಉದುರಿಸಿ, ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಿ ಅಟ್ಟದ ಮೇಲಿಟ್ಟೆವು. ಮೂರನೆಯ ದಿನ ಮುಚ್ಚಳ ತೆಗೆದಾಗ ಹಣ್ಣಾದ ಹಲಸಿನ ಹತ್ತಿರದ ವಾಸನೆ. ಅನ್ನ ಮೆತ್ತಗಾಗಿ ತಳದಲ್ಲಿ ತಿಳಿಯಾದ ಸಿಹಿ ರಸ ನಿಂತಿತ್ತು, ನಾಲಿಗೆಗೆ ಇಟ್ಟರೆ ಹಿಂದೆಯೇ ಹೆಂಡದ ಚುರುಕು. ಮಲಯದವರು ಇದನ್ನು 'ತಪಾಯ್' ಎನ್ನುತ್ತಾರೆ. ಅಂಟಕ್ಕಿಯಿಂದ, ಮರಗೆಣಸಿನಿಂದ ಮಾಡುತ್ತಾರೆ. ಈ ಇಡೀ ಕೆಲಸದಲ್ಲಿ ನಮ್ಮ ರಾಗಿಯ ಒಂದು ಕಾಳೂ ಇಲ್ಲ. ಬಿಲ್ಲೆ ಅಕ್ಕಿಯದು, ಹುದುಗುವುದು ಅನ್ನ ಅಥವಾ ಗೆಣಸು. ಇಂಡೋನೇಷ್ಯಾದವರು ಸೋಯಾ ಕಾಳಿಗೆ ಬೂಷ್ಟು ಬರಿಸಿ 'ತೆಂಪೆ' ಮಾಡುವಾಗ ಹಾಕುವುದಕ್ಕೂ ರಾಗಿ ಎಂದೇ ಹೆಸರು, ಅದರಲ್ಲೂ ನಮ್ಮ ಧಾನ್ಯವಿಲ್ಲ. ಧಾನ್ಯದ ಹೆಸರು ಹುದುಗಿಗೆ ಅಂಟಿತು ಎನ್ನುವವರು, ಆ ಹುದುಗಿನ ಹತ್ತಿರವೂ ಸುಳಿಯದ ಧಾನ್ಯದ ಹೆಸರು ಹೇಗೆ ಅಂಟಿತೆಂದು ಮೊದಲು ಹೇಳಬೇಕು.

ಇನ್ನೊಂದು ಮಾತು. ಹುದುಗು ಬರಿಸುವುದನ್ನು ಆ ಜನ ನಮ್ಮಿಂದ ಕಲಿಯಬೇಕಿರಲಿಲ್ಲ. ತಪಾಯ್ ಎಂಬುದು ಅವರ ಭಾಷಾಕುಟುಂಬದ ಬಹಳ ಹಳೆಯ ಪದ. ಫಿಲಿಪೀನ್ಸಿನ ತಗಾಲೊಗ್ ಭಾಷೆಯಲ್ಲಿ ಬ್ರೆಡ್ಡಿಗೆ ಹೇಳುವ 'ತಿನಾಪಾಯ್' ಕೂಡ ಅದೇ ಬೇರಿನದು. ಸಮುದ್ರದ ಆಚೆಯ ನೂರಾರು ದ್ವೀಪಗಳಲ್ಲಿ ಹರಡಿದ ಕಸುಬನ್ನು ನಮ್ಮ ಒಂದು ಗಡಿಗೆ ಅಂಬಲಿಯಿಂದ ಹುಟ್ಟಿಸುವುದು ಆ ಜನರಿಗೆ ಮಾಡುವ ಅನ್ಯಾಯ.

ಹಾಗಾದರೆ ರಾಗಿ ಧಾನ್ಯವೂ ಹುದುಗಿನ ಬಿಲ್ಲೆಯೂ ನಿಜವಾಗಿ ಒಂದೇ ಮಡಕೆಯಲ್ಲಿ ಕೂಡುವ ಜಾಗ ಎಲ್ಲಾದರೂ ಇದೆಯೇ? ಇದೆ. ನೇಪಾಳ, ಸಿಕ್ಕಿಂ, ದಾರ್ಜಿಲಿಂಗ್ ಕಡೆ ಇದೇ ರಾಗಿಯನ್ನು ಬೇಯಿಸಿ, ಹುದುಗಿನ ಬಿಲ್ಲೆಯ ಪುಡಿ ಬೆರೆಸಿ ಹುಳಿಯಿಡುತ್ತಾರೆ. ಆಮೇಲೆ ಅದನ್ನು ಬಿದಿರಿನ ಅಂಡೆಗೆ ತುಂಬಿ, ಬಿಸಿನೀರು ಹುಯ್ದು, ಕೊಳವೆಯಿಂದ ಹೀರುತ್ತಾರೆ. ತೊಂಗ್ಬಾ ಎಂದು ಅದರ ಹೆಸರು. ಅಲ್ಲಿ ಧಾನ್ಯಕ್ಕೆ ಏನೆನ್ನುತ್ತಾರೆ? ಕೋದೋ. ಬಿಲ್ಲೆಗೆ? ಮರ್ಚಾ. ಎರಡೂ ವಸ್ತು ಸೇರುವ ಕಡೆ ಎರಡಕ್ಕೂ ರಾಗಿ ಎಂಬ ಹೆಸರಿಲ್ಲ. ರಾಗಿ ಎಂಬ ಹೆಸರು ಹುದುಗಿಗಿರುವ ಕಡೆ ಧಾನ್ಯವಿಲ್ಲ, ಧಾನ್ಯಕ್ಕಿರುವ ನಮ್ಮ ಕಡೆ ಬಿಲ್ಲೆಯಿಲ್ಲ. ನಮ್ಮಲ್ಲಿ ಅಂಬಲಿಗೆ ಬರುವುದು ಹುಳಿ, ಹಾಲಿಗೆ ಹಾಕುವುದು ಹೆಪ್ಪು. ಕನಕಪುರದ ಯಾವ ಹೆಣ್ಣುಮಗಳೂ ದೋಸೆಹಿಟ್ಟು "ರಾಗಿ ಬಂತು" ಎಂದದ್ದನ್ನು ನಾನು ಕೇಳಿಲ್ಲ. ಕರಪತ್ರದವರೂ ಕೇಳಿರಲಾರರು.

ಮೂರನೆಯ ವಾದಕ್ಕೆ ಅವರು ಇತಿಹಾಸವನ್ನು ಕರೆತಂದಿದ್ದಾರೆ. ಐಹೊಳೆಯ, ಅಂದರೆ ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಸಂಘ ಸಮುದ್ರದಾಚೆ ವ್ಯಾಪಾರ ಮಾಡಿತ್ತು, ಸುಮಾತ್ರಾದಲ್ಲಿ ಅವರ ಶಾಸನ ಸಿಕ್ಕಿದೆ, ರಾಗಿ ಹೋದದ್ದು ಆ ಹಡಗಿನಲ್ಲಿ ಎನ್ನುತ್ತಾರೆ. ಮೊದಲ ಎರಡು ಮಾತು ನಿಜ. ಸುಮಾತ್ರಾದ ಪಡುಗರೆಯ ಬಾರುಸಿನಲ್ಲಿ 1088ರ ಶಾಸನವಿದೆ, ಅದು ಐನೂರ್ವರ ಹೆಸರಿನಲ್ಲೇ ಇದೆ. ಆದರೆ ಅದು ತಮಿಳು ಶಾಸನ. ಕರಪತ್ರ ಈ ವಿವರವನ್ನು ನುಂಗಿಕೊಂಡಿದೆ. ಸಂಘದ ಹುಟ್ಟು ನಮ್ಮ ಐಹೊಳೆಯಲ್ಲಾದರೂ ಆ ಹೊತ್ತಿಗೆ ಅದರ ಕೈಕಾಲು ದಕ್ಷಿಣದ ಎಲ್ಲ ಭಾಷೆಗಳಿಗೂ ಚಾಚಿತ್ತು, ಸುಮಾತ್ರಾದಲ್ಲಿ ಕಲ್ಲು ನೆಟ್ಟವರು ತಮಿಳರು. ಇನ್ನು ಬಾರುಸ್ ಹೆಸರಾಗಿದ್ದದ್ದು ಕರ್ಪೂರಕ್ಕೆ. ಇವತ್ತಿಗೂ ಮಲಯದಲ್ಲಿ ಕರ್ಪೂರಕ್ಕೆ 'ಕಾಪುರ್ ಬಾರುಸ್' ಎನ್ನುತ್ತಾರೆ, ನಮ್ಮ ಮಂಗಳಾರತಿಯ ಕರ್ಪೂರಕ್ಕೂ ಆ ಕಾಪುರ್‌ಗೂ ನಂಟಿದೆ. ಚಿಟಿಕೆ ತೂಕಕ್ಕೆ ಹೆಚ್ಚು ಬೆಲೆ ಬರುವ ಸರಕನ್ನು ಹುಡುಕಿಕೊಂಡು ಕಡಲು ದಾಟಿದ ವರ್ತಕ, ಅಕ್ಕಿ ಬೆಳೆಯುವ ದ್ವೀಪಕ್ಕೆ ಮಳೆಯಾಶ್ರಯದ ಒಣಭೂಮಿಯ ಕಾಳನ್ನು ಮೂಟೆ ಕಟ್ಟಿ ಒಯ್ದನೆನ್ನಲು ಒಂದು ಸಾಲಿನ ಆಧಾರವನ್ನೂ ಅವರು ಕೊಟ್ಟಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮಲಯಕ್ಕೂ ನಮಗೂ ಪದಗಳ ನಂಟೇ ಇಲ್ಲವೆಂದು ನಾನು ಹೇಳಿದ್ದೇನೆಂದು ಕರಪತ್ರ ದೂರುತ್ತದೆ. ಹೇಳಿಲ್ಲ. ನಂಟಿದೆ, ಅದೂ ನಮ್ಮ ಊರುಗಳ ಹಣೆಯ ಮೇಲೇ ಬರೆದಿದೆ. ರಾಮನಗರದ 'ನಗರ' ಅಲ್ಲಿ 'ನೆಗಾರಾ' ಆಗಿ ದೇಶ ಎಂಬ ಅರ್ಥ ಪಡೆಯಿತು, 'ನೆಗೆರಿ' ಆಗಿ ಸೀಮೆ, ರಾಜ್ಯ ಎಂದಾಯಿತು. ಮಲೇಷ್ಯಾದ ನೆಗೆರಿ ಸೆಂಬಿಲಾನ್ ಎಂದರೆ ಒಂಬತ್ತು ನಾಡು. ಕನಕಪುರದ 'ಪುರ' ಸಿಂಗಪುರದಲ್ಲಿದೆ. ಪಾಲೆಂಬಾಂಗಿನ ಹತ್ತಿರ ಸಿಕ್ಕ 683ರ ಕೆಡುಕಾನ್ ಬುಕಿತ್ ಶಾಸನದ ಹಳೆಯ ಮಲಯ ಭಾಷೆಯಲ್ಲಿ ಸಂಸ್ಕೃತ ಪದಗಳು ಆಗಲೇ ಮನೆ ಮಾಡಿದ್ದವು, ಲಿಪಿಯಂತೂ ದಕ್ಷಿಣದ ಪಲ್ಲವರದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ದಿನಾ ಬೆಳಗ್ಗೆ ಹರಾಜಾಗುವ ರೇಷ್ಮೆಯನ್ನೇ ನೋಡಿ. ನಾವು ಪಾರಸಿಯಿಂದ 'ರೇಷ್ಮೆ' ತೆಗೆದುಕೊಂಡೆವು. ಮಲಯದವರು ಸಂಸ್ಕೃತದ ಸೂತ್ರವನ್ನು, ಅಂದರೆ ಎಳೆಯನ್ನು, 'ಸುತೆರಾ' ಮಾಡಿಕೊಂಡು ರೇಷ್ಮೆಗೆ ಇಟ್ಟರು. ನಮ್ಮಲ್ಲಿ ಸೂತ್ರ ಗಾಳಿಪಟಕ್ಕೂ ತೊಗಲುಗೊಂಬೆಗೂ ಉಳಿಯಿತು. 'ರಾಗ' ಕೂಡ ಅಲ್ಲಿಗೆ ಹೋಗಿದೆ. ತಮಿಳಿನ ಬಾಯಲ್ಲಿ 'ರಾಗಂ' ಆಗಿ ಹೋದದ್ದರಿಂದ ಕೊನೆಯ ಮಕಾರ ಉಳಿದು 'ರಾಗಮ್' ಎಂದೇ ನಿಂತಿದೆ. ಅರ್ಥ: ಧಾಟಿ, ಬಗೆ, ಬಣ್ಣ. ಅಲ್ಲಿನ ಶಾಲೆಮಕ್ಕಳ ಸಮವಸ್ತ್ರ 'ಸೆರಾಗಮ್', ಅಂದರೆ ಒಂದೇ ಬಗೆಯದು. ನಿಜವಾದ ಎರವಲು ಹೀಗೆ ತನ್ನ ದಾರಿಯ ಧೂಳನ್ನು ಮೈಮೇಲೆ ಹೊತ್ತಿರುತ್ತದೆ. ಹುದುಗಿನ ರಾಗಿಯ ಮೈಮೇಲೆ ನಮ್ಮ ಕಣದ ಧೂಳು ಎಲ್ಲಿದೆ, ತೋರಿಸಲಿ.

ನಾಲ್ಕನೆಯದು ಸಂಸ್ಕೃತದವರ ವಾದ. ರಾಗ ಎಂದರೆ ಕೆಂಪು, ರಾಗಿಕಾಳು ಕೆಂಪು, ಆದ್ದರಿಂದ ರಾಗಿ ಸಂಸ್ಕೃತ, ಪ್ರಶ್ನೆ ಮುಗಿಯಿತು. ಕೆಲವು ಇಂಗ್ಲಿಷ್ ನಿಘಂಟುಗಳೂ ಹೀಗೇ ಬರೆದಿವೆ. ಈ ಎಲ್ಲ ವಾದಗಳಲ್ಲಿ ಇದೊಂದಕ್ಕೆ ನಾನು ಅರ್ಧ ಮರ್ಯಾದೆ ಕೊಡುತ್ತೇನೆ, ಏಕೆಂದರೆ ಇಲ್ಲಿ ಧ್ವನಿಯೂ ಅರ್ಥವೂ ಹೊಂದುತ್ತವೆ. ಎಡವುವುದು ದಾರಿಯಲ್ಲಿ. ಸಂಸ್ಕೃತದ ಸ್ವಂತ ಮಕ್ಕಳನ್ನು ಕೇಳಿ ನೋಡಿ. ಹಿಂದಿಯ ಹಳ್ಳಿಯವನು ಮಂಡುವಾ ಎನ್ನುತ್ತಾನೆ, ಒಡಿಯಾದವನು ಮಂಡಿಯಾ, ಮರಾಠಿಯವನು ನಾಚಣಿ, ನೇಪಾಳಿ ಕೋದೋ. ರಾಗಿ ಎಂಬ ಹೆಸರಿನ ನೆಲೆ ಕನ್ನಡ ನಾಡು, ತೆಲುಗು ನಾಡು, ದಖ್ಖನಿ ಮಾತಾಡುವ ಸೀಮೆ. ತಾಯಿಯ ಆಸ್ತಿ ಹೆತ್ತ ಮಕ್ಕಳಲ್ಲಿ ಒಬ್ಬರ ಮನೆಯಲ್ಲೂ ಇಲ್ಲದೆ ನೆರೆಮನೆಯಲ್ಲಿ ಮಾತ್ರ ಇದ್ದರೆ, ಅದು ತಾಯಿಯದೇ ಎನ್ನುವವರು ಕಾಗದ ತೋರಿಸಬೇಕು. ಬರೀ ಬಣ್ಣವೇ ಕಾರಣವಾದರೆ ಬಿಳಿ ರಾಗಿಯನ್ನು ಏನೆನ್ನಬೇಕಿತ್ತು ಎಂಬ ಮಾತು ಸಣ್ಣದು, ಅದನ್ನು ನಾನು ಎಳೆಯುವುದಿಲ್ಲ.

ಇದಕ್ಕೆ ಅಂಟಿಕೊಂಡೇ ಒಂದು ವ್ಯಾಕರಣದ ಬಾಣ ಬಿಟ್ಟಿದ್ದಾರೆ: ಅಚ್ಚ ದ್ರಾವಿಡ ಪದ ರಕಾರದಿಂದ ಶುರುವಾಗುವುದಿಲ್ಲ, ಆದ್ದರಿಂದ ರಾಗಿ ಸಂಸ್ಕೃತವೇ. ಮೊದಲರ್ಧ ಸರಿ, ಹಳೆಯ ನಿಯಮ. ಎರಡನೆಯರ್ಧ ಹಾರಿಕೆ. ಹಕ್ಕಿಯ 'ರೆಕ್ಕೆ' ರಕಾರದಿಂದ ಶುರುವಾಗುತ್ತದೆ, ಅದು ಸಂಸ್ಕೃತವೇ? ಹಳಗನ್ನಡದ 'ಎಱಂಕೆ' ಸವೆದು ಮೊದಲ ಸ್ವರ ಕಳೆದುಕೊಂಡು ರೆಕ್ಕೆಯಾಯಿತು. ರೊಟ್ಟಿ, ರಸೀದಿ, ರೈಲು ಬೇರೆ ಬೇರೆ ದಿಕ್ಕಿನಿಂದ ಬಂದವು. ರಕಾರ ಹೇಳುವುದು ಇಷ್ಟೇ: ಪದ ಈಗಿರುವ ರೂಪದಲ್ಲಿ ಮೊದಲಿನಿಂದ ಇರಲಿಲ್ಲ. ಎಲ್ಲಿಂದ ಬಂತೆಂದು ಅದು ಹೇಳುವುದಿಲ್ಲ. ನನ್ನ ಕಡೆ ವಾದಿಸುವ ಒಬ್ಬರು, ತಮಿಳಿನಲ್ಲಿ 'ಇರಾಕಿ' ಎಂದಿದೆಯಲ್ಲ, ಕಳೆದುಹೋದ ಸ್ವರ ಅಲ್ಲಿ ಸಿಕ್ಕಿತು ಎಂದು ಸಂತೋಷಪಟ್ಟರು. ಆ ಗೆಲುವು ನನಗೆ ಬೇಡ. ತಮಿಳರು ರಾಮನನ್ನೂ ಇರಾಮನ್ ಎಂದೇ ಬರೆಯುತ್ತಾರೆ, ಆ ಇಕಾರ ಅವರು ಸೇರಿಸಿದ್ದು.

ರಾಮನ ಹೆಸರು ಬಂತು, ಐದನೆಯ ವಾದಕ್ಕೆ ಬರೋಣ. ರಾಗಿ ಎಂಬುದು 'ರಾಘವ'ನಿಂದ ಬಂದದ್ದು, ಕನಕದಾಸರೇ ಹೇಳಿದ್ದಾರೆ, ರಾಮನಗರವೂ ರಾಮದೇವರ ಬೆಟ್ಟವೂ ಸಾಕ್ಷಿ ಎನ್ನುತ್ತಾರೆ. ಕನಕದಾಸರ ರಾಮಧಾನ್ಯ ಚರಿತೆಯ ಮೇಲೆ ನನಗಿರುವ ಗೌರವ ಕರಪತ್ರದವರಿಗಿಂತ ಕಡಿಮೆಯದಲ್ಲ. ಹದಿನಾರನೆಯ ಶತಮಾನದಲ್ಲಿ, ಅಕ್ಕಿಗೂ ರಾಗಿಗೂ ರಾಮನ ಮುಂದೆ ವ್ಯಾಜ್ಯ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೊಳೆತ ಅಕ್ಕಿಯ ಎದುರು ಕೆಡದೆ ನಿಂತ ರಾಗಿಗೆ ಗೆಲುವು ಕೊಟ್ಟ ಕಾವ್ಯ ಅದು. ಬಡವನ ತುತ್ತಿಗೆ ಅರಸನ ಸಭೆಯಲ್ಲಿ ತಲೆಯೆತ್ತಿಸಿದ ಕಾವ್ಯ. ಆದರೆ ಅದನ್ನು ಓದಿದವರು ಒಂದು ಸಂಗತಿ ಗಮನಿಸಿರುತ್ತಾರೆ. ಕಾವ್ಯದಲ್ಲಿ ಆ ಧಾನ್ಯದ ಹೆಸರು ಮೊದಲಿಗೇ 'ನರೆದಲೆಗ', ಅಂದರೆ ನರೆತ ತಲೆಯವನು. ರಾಮ ಮೆಚ್ಚಿ ತನ್ನ ಹೆಸರು ಕೊಡುವುದು ಕಡೆಯಲ್ಲಿ. ಅದು ವರ, ಸನ್ಮಾನ. ಸನ್ಮಾನಪತ್ರವನ್ನು ಜನನಪತ್ರವೆಂದು ಓದಿದರೆ ತಪ್ಪು ಕವಿಯದಲ್ಲ. ಘಕಾರ ಗಕಾರವಾಗಿ, ವಕಾರ ಬಿದ್ದು, ಇಕಾರ ಬಂದು ರಾಘವ ರಾಗಿಯಾಗುವ ಬದಲಾವಣೆ ಕನ್ನಡದ ಬೇರೆ ಯಾವ ಪದದಲ್ಲಿ ನಡೆದಿದೆ? ಮಾಧವ ಮಾದಿಯಾಗಲಿಲ್ಲ, ಕೇಶವ ಕೇಶಿಯಾಗಲಿಲ್ಲ.

ರಾಮನಗರದ ಹೆಸರನ್ನು ಸಾಕ್ಷಿಕಟ್ಟೆಗೆ ಎಳೆದದ್ದಂತೂ ಅವಸರ. ಟಿಪ್ಪುವಿನ ಕಾಲದಲ್ಲಿ ಆ ಊರು ಶಂಸೇರಾಬಾದ್. ಆಮೇಲೆ ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ. ರಾಮನಗರವಾದದ್ದು ಕೆಂಗಲ್ ಹನುಮಂತಯ್ಯನವರಿಂದ, ಕಳೆದ ಶತಮಾನದಲ್ಲಿ. ಬೆಟ್ಟದ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. 2007ರಲ್ಲಿ ರಾಮನಗರವೆಂದು ಹುಟ್ಟಿದ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಯಿತು. ನಮ್ಮ ಕಣ್ಣೆದುರೇ ಇಷ್ಟು ಸಲ ಬದಲಾದ ಹೆಸರನ್ನು, ಅದಕ್ಕಿಂತ ನೂರಾರು ವರ್ಷ ಹಳೆಯ ಪದದ ಹುಟ್ಟಿಗೆ ಸಾಕ್ಷಿಯಾಗಿ ನಿಲ್ಲಿಸಬಹುದೇ?

ತಮಿಳಿನ ಕಡೆಯಿಂದ ಬಂದ ವಾದ ಚಿಕ್ಕದು, ಅದಕ್ಕೆ ಉತ್ತರವೂ ಚಿಕ್ಕದು. ತಮಿಳಿನಲ್ಲಿ ರಾಗಿಗೆ ಕೇಳ್ವರಗು, ಅದರ 'ವರಗು' ಸವೆದು ರಾಗಿಯಾಯಿತು ಎನ್ನುತ್ತಾರೆ. ತಮಿಳಿನ ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುತ್ತದೆ: ಅವರ ವಾ ನಮ್ಮ ಬಾ, ಅವರ ವಿರಲ್ ನಮ್ಮ ಬೆರಳು. ಹಾಗಾದರೆ ವರಗು ಏನಾಗಬೇಕು? ಬರಗು. ಆಗಿದೆ ಕೂಡ. ನಮ್ಮ ಕಿರುಧಾನ್ಯಗಳಲ್ಲಿ ಬರಗು ತನ್ನ ಹೆಸರು ಹೊತ್ತು ಕೂತಿದೆ. ಒಡಹುಟ್ಟಿದವನು ಮನೆಯಲ್ಲೇ ಇರುವಾಗ ಆ ಜಾಗಕ್ಕೆ ರಾಗಿಯನ್ನು ದತ್ತು ತರುವ ಅಗತ್ಯವಿಲ್ಲ.

ಏಳನೆಯ ವಾದ ವಿಜ್ಞಾನದ ಅಂಗಿ ತೊಟ್ಟಿದೆ. ರಾಗಿ ಗಿಡ ಪೂರ್ವ ಆಫ್ರಿಕದ ಎತ್ತರದ ಸೀಮೆಯದು, ಆದ್ದರಿಂದ ಹೆಸರೂ ಅಲ್ಲಿಯದೇ. ಗಿಡದ ಮಾತು ನಿಜ, ಸಸ್ಯಶಾಸ್ತ್ರಜ್ಞರಲ್ಲಿ ಈಗ ಅದರ ಬಗ್ಗೆ ತಕರಾರಿಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಗಳನ್ನು ನಮ್ಮ ತಳಿಗಳೊಂದಿಗೆ ಕೂಡಿಸಿ ಇಂಡಾಫ್ ರಾಗಿಗಳನ್ನು ತಂದದ್ದು ಆ ನಂಟನ್ನು ಬಲ್ಲವರಾಗಿಯೇ. ಇಂಡಾಫ್ ಎಂಬುದರಲ್ಲಿ ಇಂಡಿಯಾವೂ ಇದೆ, ಆಫ್ರಿಕವೂ ಇದೆ. ಕನಕಪುರದ ರೈತ ಆ ಹೆಸರನ್ನು ಸಲೀಸಾಗಿ ಬಾಯಿಗೆ ಹಾಕಿಕೊಂಡ. ಆದರೆ ಗಿಡ ಬಂದ ಕಡೆಯಿಂದಲೇ ಹೆಸರೂ ಬರಬೇಕೆಂದರೆ ಮೆಣಸಿನಕಾಯಿಗೆ ಏನು ಹೇಳುತ್ತಾರೆ? ಗಿಡ ಅಮೆರಿಕದ್ದು, ಪೋರ್ಚುಗೀಸರ ಜೊತೆ ಬಂತು. ಹೆಸರು ನಮ್ಮ ಕಾಳುಮೆಣಸಿನದು. ಪರಂಗಿ ಹಣ್ಣಿನ ಹೆಸರು ತಂದವರನ್ನು ಹೇಳುತ್ತದೆ, ಬೆಳೆದ ನಾಡನ್ನಲ್ಲ. ಆಫ್ರಿಕದಲ್ಲಿ ಈ ಧಾನ್ಯಕ್ಕೆ ಇರುವ ಹೆಸರುಗಳನ್ನಾದರೂ ನೋಡಬಹುದಿತ್ತು: ಇಥಿಯೋಪಿಯಾದಲ್ಲಿ ದಗುಸಾ, ಸ್ವಾಹಿಲಿಯಲ್ಲಿ ವಿಂಬಿ. ಇದರಲ್ಲಿ ರಾಗಿ ಎಲ್ಲಿ ಕೇಳಿಸುತ್ತದೆ? ಶಾಸ್ತ್ರೀಯ ಹೆಸರಿನ 'ಕೊರಕಾನ' ಸಿಂಹಳದ ಕುರಕ್ಕನ್‌ನಿಂದ ಬಂದದ್ದು. ಅಲ್ಲೂ ಗಿಡದ ಊರು ಒಂದು, ಹೆಸರಿನ ಊರು ಇನ್ನೊಂದು.

ಈಗ ಓದುಗರು ಕರಪತ್ರವನ್ನು ಒಟ್ಟಿಗೆ ಹಿಡಿದು ನೋಡಬೇಕು. ಮೊದಲ ಪುಟದಲ್ಲಿ ರಾಗಿ ಅಚ್ಚಗನ್ನಡ, ನಾವು ಅದನ್ನು ಲೋಕಕ್ಕೆ ಕೊಟ್ಟೆವು. ನಡುವಿನಲ್ಲಿ ಅದು ರಾಘವನ ಹೆಸರು. ಮುಂದೆ ಸಂಸ್ಕೃತದ ಕೆಂಪು. ಕೊನೆಗೆ ಆಫ್ರಿಕದಿಂದ ಬಂದ ಪದ. ಅಚ್ಚಗನ್ನಡವಾದರೆ ರಾಘವನಿಂದ ಬರಲಿಲ್ಲ. ರಾಘವನಿಂದ ಬಂದಿದ್ದರೆ ಕೆಂಪಿನಿಂದ ಬರಲಿಲ್ಲ. ಆಫ್ರಿಕದ್ದಾದರೆ ನಾವು ಕೊಟ್ಟದ್ದಲ್ಲ, ಪಡೆದದ್ದು. ಒಂದೇ ಮಗುವಿಗೆ ನಾಲ್ವರು ತಂದೆಯರನ್ನು ತೋರಿಸಿ, ನಂಬದವನನ್ನು ದ್ರೋಹಿ ಎಂದರೆ ಒಪ್ಪಲು ನನಗೆ ಸಾಧ್ಯವಿಲ್ಲ. ಈ ಪ್ರಶ್ನೆಯನ್ನು ಭಾಷಣದ ಕೊನೆಯಲ್ಲಿ ಎದ್ದು ಕೇಳಿದವರೊಬ್ಬರಿಗೆ ಸಿಕ್ಕ ಉತ್ತರ: "ಎಲ್ಲವೂ ಒಂದೊಂದು ದೃಷ್ಟಿಯಲ್ಲಿ ಸರಿ." ಇದು ಉತ್ತರವಲ್ಲ, ತಪ್ಪಿಸಿಕೊಳ್ಳುವ ದಾರಿ.

ಉಳಿದದ್ದು ಅವರ ಕೊನೆಯ ಮಾತು: ಇರಲಿ ಬಿಡಿ, ತಪ್ಪಾದರೂ ಹೆಮ್ಮೆಯ ಕತೆ, ಇದರಿಂದ ಯಾರಿಗೇನು ನಷ್ಟ? ನಷ್ಟ ಇದೆ. ಕಳೆದ ಡಿಸೆಂಬರಿನಲ್ಲಿ ಮಾಗಡಿ ರಸ್ತೆಯುದ್ದಕ್ಕೂ ಟಾರಿನ ಮೇಲೆ ರಾಗಿ ತೆನೆ ಹರಡಿ, ಬಸ್ಸು ಲಾರಿಗಳ ಗಾಲಿಯಲ್ಲೇ ಬಡಿಸುತ್ತಿದ್ದರು. ಕಣ ಮಾಡುವವರಿಲ್ಲ, ರೋಣಗಲ್ಲು ಹಳ್ಳಿಯ ಬೇಲಿಯಲ್ಲಿ ಮಗುಚಿ ಬಿದ್ದಿದೆ. ತೆನೆ ಹರಡುತ್ತಿದ್ದ ಹುಡುಗನೊಬ್ಬನನ್ನು "ಹಗೇವು ಅಂದ್ರೆ ಗೊತ್ತೇನಪ್ಪ?" ಎಂದು ಕೇಳಿದೆ. ಗೊತ್ತಿರಲಿಲ್ಲ. ನೆಲದೊಳಗೆ ಗಡಿಗೆಯ ಆಕಾರಕ್ಕೆ ತೋಡಿ, ಕಿರಿದಾದ ಬಾಯಿಗೆ ಚಪ್ಪಡಿ ಮುಚ್ಚಿ, ವರ್ಷಗಟ್ಟಲೆ ರಾಗಿಯನ್ನು ಕಾಯುತ್ತಿದ್ದ ಹಗೇವು. ತೆರೆದ ಕೂಡಲೆ ಇಳಿಯಬಾರದು, ಕೆಟ್ಟ ಗಾಳಿ ಇರುತ್ತದೆ, ದೀಪ ಬಿಟ್ಟು ನೋಡಬೇಕು ಎಂದು ನಮ್ಮಜ್ಜ ಪ್ರತಿ ಸಲವೂ ಹೇಳುತ್ತಿದ್ದರು. ಕೂರಿಗೆ, ಕುಂಟೆ, ಹಗೇವು, ಮೆದೆ ಎಂಬ ಮಾತುಗಳನ್ನು ಬರೆದಿಟ್ಟುಕೊಳ್ಳುವ ಕೆಲಸ ಇರುವಾಗ, ಕರಪತ್ರಕ್ಕೆ ಖರ್ಚಾದ ಕಾಗದ ಮಲಯದಲ್ಲಿ ಇಲ್ಲದ ನೆಂಟನನ್ನು ಹುಡುಕಿತು.

ನಿಜವಾದ ನೆಂಟ ಬೇಕಿದ್ದರೆ ಅಕ್ಕನ ಬಾಯಲ್ಲೇ ಇದ್ದ. ಬಿಳಿ ಬಿಲ್ಲೆ ನೋಡಿ ಅವಳು ಕೇಳಿದ್ದು "ಹಿಟ್ಟು ಆಯ್ತದಾ" ಎಂದು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎನ್ನುವುದೇ ರೂಢಿ. ಹಿಟ್ಟಿಗೆ ಎಸರಿಡುತ್ತಾರೆ, ಹಿಟ್ಟಿನ ದೊಣ್ಣೆಯಲ್ಲಿ ತಿರುವುತ್ತಾರೆ, ಹಿಟ್ಟು ಉಣ್ಣುತ್ತಾರೆ. ಹಾಲು ಹಿಂದೆ ಪಾಲಾಗಿದ್ದಂತೆ, ಹುಲಿ ಪುಲಿಯಾಗಿದ್ದಂತೆ, ಈ ಹಿಟ್ಟು ಹಳಗನ್ನಡದಲ್ಲಿ 'ಪಿಟ್ಟು'. ತಮಿಳಿನಲ್ಲೂ ಪಿಟ್ಟು. ಪಿಡಿ ಅಲ್ಲಿನ ಆಡುಮಾತಿನಲ್ಲಿ ಪುಡಿಯಾದಂತೆ ಪಿಟ್ಟು ಪುಟ್ಟು ಆಯಿತು. ಇದರ ಹಿಂದೆ ಸಂಸ್ಕೃತದ 'ಪಿಷ್ಟ'ವನ್ನು ಕಾಣುವವರಿದ್ದಾರೆ, ಕಂಡರೂ ನಂಟಸ್ತಿಕೆ ಕೆಡುವುದಿಲ್ಲ. ಆ ಪುಟ್ಟು ತಮಿಳರೊಂದಿಗೆ ಕಡಲು ದಾಟಿ ಮಲಯದಲ್ಲಿ 'ಪುಟು' ಆಗಿದೆ. ಕೌಲಾಲಂಪುರದ ಬೀದಿಯಲ್ಲಿ ಶಾವಿಗೆಯಂತೆ ಒತ್ತಿದ 'ಪುಟು ಮಾಯಮ್' ಅನ್ನು ತೆಂಗಿನತುರಿ, ಬೆಲ್ಲದ ಪುಡಿ ಉದುರಿಸಿ ಮಾರುತ್ತಾರೆ. ಧ್ವನಿ ಹೊಂದಿತು, ಅರ್ಥ ಹೊಂದಿತು, ಒಯ್ದವರು ಯಾರೆಂದೂ ಗೊತ್ತು. ಮೂರೂ ಕೂಡಿದವು.

ಕಳೆದ ಭಾನುವಾರ ಅಕ್ಕನ ಮನೆಯಲ್ಲಿದ್ದಾಗ ಮಗನ ಫೋನು ಬಂತು. ಬೆಳಗ್ಗೆ ಪುಟು ತಿಂದೆ ಎಂದು ಅವನು ಹೇಳಿದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ. ಒಲೆಯ ಮೇಲೆ ಎಸರು ಮರಳುತ್ತಿತ್ತು, ಒಂದು ಕೈಯಲ್ಲಿ ದೊಣ್ಣೆ. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಒತ್ತಿಕೊಂಡು ಅವಳು ಎಂದಿನಂತೆ ಕೇಳಿದಳು: "ಹಿಟ್ಟು ಉಂಡ್ಯೇನ್ಲಾ ಮಗ?"